ದಲ್ಲಾಳಿ ಗುಡದಪ್ಪನ ‘ಒಲ್ಲೆ’

ಡಾಕ್ಟರು ಹೇಳಿದ್ದಕ್ಕೆ ಹೂಂ ಅಂದವರ ಬುದ್ಧಿಯನ್ನು ಇದುವರೆಗೆ ಯಾರೂ ಅಳೆದಿಲ್ಲ. ಎಪ್ಪತ್ತು ದಾಟಿದ ಮನುಷ್ಯ ಹಲ್ಲು ಕೀಳಿಸಿಕೊಳ್ಳಿ ಅಂದರೂ ಹೂಂ, ಹೊಟ್ಟೆ ಕೊಯ್ಯಿಸಿಕೊಳ್ಳಿ ಅಂದರೂ ಹೂಂ ಅನ್ನುತ್ತಿದ್ದರೆ ಅವನಷ್ಟು ತಿಳಿವಳಿಕಸ್ಥ ಊರಲ್ಲಿ ಇನ್ನೊಬ್ಬನಿಲ್ಲ. ಒಲ್ಲೆ ಅಂದರೆ ಮಾತ್ರ ಅಳತೆ ಶುರು. ಹಿರಿಯರ ರಕ್ಷಕತ್ವ ಕಾಯ್ದೆ ಬಂದು, ಅದರ ಬೆನ್ನಿಗೇ ವಿವೇಕಮಾಪಕ ಎಂಬ ಯಂತ್ರ ಎಲ್ಲ ದೊಡ್ಡ ಆಸ್ಪತ್ರೆಗಳಿಗೂ ಬಂದ ಮೇಲೆ ರೂಢಿಯಾದ ಪದ್ಧತಿ ಇದು. ಜನ ಆ ಯಂತ್ರವನ್ನು ಬುದ್ಧಿ ತಕ್ಕಡಿ ಅನ್ನುತ್ತಿದ್ದರು.

ಯಂತ್ರ ಮಾಡಿದವರ ವಿಚಾರ ಸರಳವಾಗಿತ್ತು. ‘ನೀನು ಇದನ್ನು ಕಳೆದುಕೊಳ್ಳುತ್ತೀ’ ಎಂಬ ಮಾತು ಮನುಷ್ಯನಿಗೆ ನಿಜವಾಗಿ ತಿಳಿದಿದ್ದರೆ, ಬಾಯಿ ಉತ್ತರ ಕೊಡುವ ಮೊದಲೇ ಮೈ ಬೆದರುತ್ತದೆ. ಅಂಗೈ ಬೆವರುತ್ತದೆ, ಕಣ್ಣಪಾಪೆ ಹಿಗ್ಗುತ್ತದೆ, ಹಣೆಯ ಹಿಂದೆ ಮಿದುಳಿನ ಒಂದು ಮಡಿಕೆಗೆ ರಕ್ತ ನುಗ್ಗುತ್ತದೆ. ಮೈ ಬೆದರದಿದ್ದರೆ ಮಾತು ಕಿವಿಗೆ ಬಿದ್ದಿದೆ, ಬುದ್ಧಿಗೆ ಬಿದ್ದಿಲ್ಲ ಎಂದರ್ಥ. ನೂರಕ್ಕೆ ನಲವತ್ತಕ್ಕಿಂತ ಕಡಿಮೆ ಬಂದವರ ಬಗ್ಗೆ ಡಾಕ್ಟರು ಸರ್ಟಿಫಿಕೇಟ್ ಬರೆಯಬೇಕು, ನ್ಯಾಯಾಲಯ ಅವರಿಗೊಬ್ಬ ರಕ್ಷಕರನ್ನು ನೇಮಿಸಬೇಕು. ಯಂತ್ರವನ್ನು ಮಾರುಕಟ್ಟೆಗೆ ಬಿಡುವ ಮೊದಲು ಸಾವಿರಾರು ಮುದುಕರ ಮೇಲೆ ಪ್ರಯೋಗ ಮಾಡಿದ್ದರು. ಅವರಲ್ಲಿ ನಿವೃತ್ತ ಮೇಷ್ಟರಿದ್ದರು, ಗುಮಾಸ್ತರಿದ್ದರು, ಮನೆವಾಳ್ತೆಯ ಹೆಂಗಸರಿದ್ದರು. ದನದ ದಲ್ಲಾಳಿ ಒಬ್ಬನೂ ಇರಲಿಲ್ಲ.

ಗುಡದಪ್ಪ ಹಲಗೇರಿ ದನದ ದಲ್ಲಾಳಿ. ಹಾವೇರಿ ಸೀಮೆಯವನು. ಉಳುವ ಎತ್ತು ಆ ಹೊತ್ತಿಗೆ ಎಲ್ಲೂ ಉಳಿದಿರಲಿಲ್ಲ, ಆದರೆ ದೀಪಾವಳಿಯ ಹೋರಿ ಬೆದರಿಸುವ ಹಬ್ಬ ಉಳಿದಿತ್ತು. ಹಾಗಾಗಿ ಹೋರಿಯ ವ್ಯಾಪಾರವೂ, ಗುಡದಪ್ಪನ ಕಸುಬೂ ಉಳಿದಿದ್ದವು. ಜಗತ್ತೆಲ್ಲ ಮೊಬೈಲಿನಲ್ಲಿ ಕೊಂಡು ಮಾರುವಾಗಲೂ ಹೋರಿಯ ದರ ಮಾತ್ರ ಹೆಗಲ ಮೇಲಿನ ವಲ್ಲಿಬಟ್ಟೆಯ ಕೆಳಗೇ ತೀರ್ಮಾನವಾಗುತ್ತಿತ್ತು. ಕೊಳ್ಳುವವನ ಕೈ, ಮಾರುವವನ ಕೈ, ಮೇಲೊಂದು ವಲ್ಲಿ. ಒಳಗೆ ಬೆರಳು ಹಿಡಿದು ದರ ಹೇಳುತ್ತಾರೆ, ಹೊರಗೆ ಮುಖ ಮಳೆ ಬೆಳೆಯ ಮಾತಾಡುತ್ತದೆ. ಮುಖ ಬಿಚ್ಚಿದವನು ಕೆಟ್ಟ. ನಾಡಿ ಏರಿದರೂ ಕೆಟ್ಟ, ಏಕೆಂದರೆ ಹಿಡಿದ ಕೈಗೆ ನಾಡಿ ತಿಳಿಯುತ್ತದೆ. ಅದಕ್ಕೆ ಗುಡದಪ್ಪ ತನ್ನ ಗುರುವಿನಿಂದ ಒಂದು ಉಪಾಯ ಕಲಿತಿದ್ದ. ಎದುರಿನವನು ಎಂಥ ದರ ಹೇಳಿದರೂ ಮನಸ್ಸಿನಲ್ಲಿ ಒಂದು ಹೋರಿಯ ಬಾಯಿ ತೆರೆದು ಹಲ್ಲು ನೋಡುವುದು. ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಎಂಟೂ ಬಂದು ಬಾಯಿಗೂಡಿತು. ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಎದೆ ತಣ್ಣಗಾಗಿರುತ್ತಿತ್ತು.

ಇಂಥವನ ಬಲಗಾಲಿನ ಎರಡು ಬೆರಳು ಸಕ್ಕರೆ ಕಾಯಿಲೆಯಿಂದ ಕಪ್ಪಾದವು. ಮಗಳು ಸವಿತಾ ಔಷಧ ಅಂಗಡಿ ಇಟ್ಟವಳು. ತಂದೆ ತಾಯಿ ಅಂಗಡಿಯ ಮೇಲಿನ ಮನೆಯಲ್ಲಿ ಅವಳ ಜೊತೆಗೇ ಇದ್ದರು. ಸಾಕ್ಸ್ ಬಿಚ್ಚಿಸಿ ನೋಡಿದವಳೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

ಡಾಕ್ಟರ್ ಸಿಂಚನಾ ಕುಲಕರ್ಣಿ ಒಳ್ಳೆಯ ಡಾಕ್ಟರು. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಕೈ ಚುರುಕು, ಮಾತು ಮೆತ್ತಗೆ, ಬಡವರಿಗೆ ಸುಳ್ಳು ಪರೀಕ್ಷೆ ಬರೆಯುವವರಲ್ಲ. ಕಾಲು ನೋಡಿ ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

“ಅಜ್ಜಾರ, ಎರಡು ಬೆರಳು ಸತ್ತಾವ್ರಿ. ಇವತ್ತ ತಗದುಬಿಟ್ರ ಉಳದ ಪಾದ ಉಳೀತೈತಿ. ನಾಕು ದಿನಕ್ಕ ನಡಕೊಂತ ಮನಿಗೆ ಹೋಗ್ತೀರಿ.”

ಗುಡದಪ್ಪ ತನ್ನ ಕಾಲನ್ನು ಬೇರೆ ಯಾರದೋ ಹೋರಿಯನ್ನು ನೋಡುವಂತೆ ನೋಡಿದ. “ಒಲ್ಲೆ” ಅಂದ.

“ಬಿಟ್ರ ಮ್ಯಾಲೆ ಏರತೈತ್ರಿ.”

“ಒಲ್ಲೆನ್ರೀ ಡಾಕ್ಟರ್ರ.” ವಲ್ಲಿ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದೇಬಿಟ್ಟ. ಕುಂಟುತ್ತ ಬಾಗಿಲವರೆಗೆ ಹೋಗಿ, ಹೊಸ್ತಿಲಲ್ಲಿ ಚಪ್ಪಲಿ ಹುಡುಕುವವನ ಹಾಗೆ ತಡ ಮಾಡಿದ. ದನದ ಪೇಟೆಯಲ್ಲಿ ಹೀಗೆ ಎದ್ದು ಹೊರಟವನನ್ನು ಎದುರಿನವರು ಕರೆಯಬೇಕು. ಕರೆದು ಸ್ವಲ್ಪ ಇಳಿಯಬೇಕು. ಮೊದಲ ಮಾತಿಗೇ ಹೂಂ ಅನ್ನುವುದು ಮೂರ್ಖರ ವ್ಯಾಪಾರ. ಐವತ್ತು ವರ್ಷದಲ್ಲಿ ಅವನು ಒಮ್ಮೆಯೂ ಅಂದಿರಲಿಲ್ಲ.

ಡಾಕ್ಟರು ಕರೆಯಲೇನೋ ಕರೆದರು. “ಸಿಸ್ಟರ್, ಇವರನ್ನ ಮಾಪಕದ ಕೋಣೆಗೆ ಕರಕೊಂಡು ಹೋಗ್ರಿ” ಅಂದರು.

ಮಾಪಕದ ಕೋಣೆ ತಂಪಾಗಿತ್ತು. ಹಣೆಗೊಂದು ಪಟ್ಟಿ, ಬೆರಳಿಗೊಂದು ಚಿಮಟ, ಕಣ್ಣಿನ ಎದುರು ಪುಟ್ಟ ಕ್ಯಾಮೆರಾ. ಗಾಜಿನ ಆಚೆ ಪರದೆಯ ಮುಂದೆ ಡಾಕ್ಟರ್ ಸಿಂಚನಾ ಕೂತರು. ಗೋಡೆಯೊಳಗಿಂದ ಒಂದು ಹೆಣ್ಣುಧ್ವನಿ ಪಠ್ಯಪುಸ್ತಕದ ಕನ್ನಡದಲ್ಲಿ ಮಾತಾಡಿತು.

“ನಿಮ್ಮ ಬೆರಳುಗಳನ್ನು ತೆಗೆಯದಿದ್ದರೆ ಸೋಂಕು ಹರಡುತ್ತದೆ. ನೀವು ಕಾಲನ್ನು ಕಳೆದುಕೊಳ್ಳಬಹುದು. ನಿಮಗೆ ಇದು ಅರ್ಥವಾಯಿತೇ?”

ಓಹೋ, ಅವರ ಕಡೆಯ ದಲ್ಲಾಳಿ ಬಂದಳು ಎಂದುಕೊಂಡ ಗುಡದಪ್ಪ. ದೊಡ್ಡ ದರ ಹೇಳಿ ಹೆದರಿಸುವುದು ಹಳೆಯ ಆಟ. ಅವನು ಹೋರಿಯ ಬಾಯಿ ತೆರೆದ. ಎರಡು ಹಲ್ಲು, ನಾಲ್ಕು ಹಲ್ಲು. “ಅರ್ಥ ಆತು” ಅಂದ.

“ನೀವು ಪ್ರಾಣವನ್ನೂ ಕಳೆದುಕೊಳ್ಳಬಹುದು. ನಿಮಗೆ ಇದು ಅರ್ಥವಾಯಿತೇ?”

ಆರು ಹಲ್ಲು. ಬಾಯಿಗೂಡಿತು. “ಆತು.”

ಪರದೆಯ ಮೇಲೆ ಗೆರೆ ಇಸ್ತ್ರಿ ಹಾಕಿದಂತೆ ಮಲಗಿತ್ತು. ಮರೆವಿನ ಮುದುಕರ ಗೆರೆ ಹಾಗಿರುವುದಿಲ್ಲ, ಎಲ್ಲೆಲ್ಲೋ ಏರಿ ಎಲ್ಲೆಲ್ಲೋ ಬೀಳುತ್ತದೆ ಎಂಬುದು ಡಾಕ್ಟರಿಗೆ ಗೊತ್ತಿತ್ತು. ಏನಿದು ಎಂದು ಒಂದು ಕ್ಷಣ ಹುಬ್ಬು ಗಂಟಿಕ್ಕಿದರು. ಹೊರಗೆ ಬೆಂಚಿನ ತುಂಬ ಜನ ಕೂತಿದ್ದರು. ಅಂಕ ಹತ್ತೊಂಬತ್ತು ಬಂತು. ಸರ್ಟಿಫಿಕೇಟ್ ತಯಾರಾಯಿತು, ಸವಿತಾಳ ಕೈಗೆ ಅರ್ಜಿ ಬಂತು, ತಂದೆಯ ಕಾಲು ಉಳಿಸಬೇಕೆಂಬ ಆತುರದಲ್ಲಿ ಅವಳು ಅಲ್ಲೇ ನಿಂತು ಸಹಿ ಮಾಡಿದಳು.

ಮನೆಯಲ್ಲಿ ಹೆಂಡತಿ ಮಾಳವ್ವ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಮುಂದಿಟ್ಟಳು.

“ಏನಂದ್ರು ಡಾಕ್ಟರು?”

“ಎರಡು ಬೆರಳು ಕೇಳ್ಯಾರ.”

“ನೀವೇನಂದ್ರಿ?”

“ಒಲ್ಲೆ ಅಂದೆ.”

“ಅಯ್ಯ ನಿಮ್ಮ, ಸತ್ತ ಬೆರಳು ಇಟಗೊಂಡು ಏನ್ಮಾಡ್ತೀರಿ? ಹಾರ ಮಾಡಿ ಹಾಕ್ಕೊಂತೀರೇನು?”

“ಕೊಡಾಕ ಬೇಕಲ್ಲ, ಕೊಡದ ಎಲ್ಲಿ ಹೋಗ್ಲಿ? ಒಂದಕ್ಕ ಇಳೀತಾರೇನ ನೋಡಿದೆ. ಭಾಳ ಗಟ್ಟಿ ಹೆಣಮಗಳು, ಇಳೀಲಿಲ್ಲ. ನಾಳೆ ಹೋಗಿ ಎರಡೂ ಕೊಟ್ಟು ಬರೂಣು.”

“ನಿಮ್ಮ ದಲ್ಲಾಳಿ ಬುದ್ಧಿಗೆ ಬೆಂಕಿ ಹಾಕ. ನನ್ನ ನೋಡಾಕ ಬಂದಾಗೂ ಹಿಂಗ ಒಲ್ಲೆ ಅಂದು ಎದ್ದು ಹೊಂಟಿದ್ರಿ.”

“ನಿಮ್ಮಪ್ಪ ತಿರುಗಿ ಕರದನಲ್ಲ!” ಗುಡದಪ್ಪ ನಕ್ಕು ಇನ್ನೊಂದು ರೊಟ್ಟಿ ಕೇಳಿದ. ಸಕ್ಕರೆ ಕಾಯಿಲೆಯವರಿಗೆ ಎರಡೇ ಎಂದು ಸವಿತಾ ಕೆಳಗಿನ ಅಂಗಡಿಯಿಂದಲೇ ಕೂಗಿದಳು. ಮಾಳವ್ವ ಸದ್ದಾಗದಂತೆ ಮೂರನೆಯದನ್ನು ಹಾಕಿದಳು.

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಇಬ್ಬರೂ ಆಸ್ಪತ್ರೆಗೆ ಹೋದರು. ಗುಡದಪ್ಪ ವ್ಯಾಪಾರ ಮುಗಿಸುವವನ ಗತ್ತಿನಲ್ಲೇ ಕುರ್ಚಿಯಲ್ಲಿ ಕೂತು ಕಾಲು ಮುಂದೆ ಚಾಚಿದ.

“ಹೂಂ ಡಾಕ್ಟರ್ರ. ಎರಡೂ ತಗೋರಿ.”

ಡಾಕ್ಟರ್ ಸಿಂಚನಾ ಮೊದಲು ಖುಷಿಪಟ್ಟರು. ಆಮೇಲೆ ಅವರ ಮುಖ ಇಳಿಯಿತು. “ಅಜ್ಜಾರ, ಈಗ ನಿಮ್ಮ ಹೂಂ ನಡೆಯೂದಿಲ್ರಿ.”

“ಯಾಕ್ರಿ? ನಿನ್ನೆ ನೀವ ಕೇಳಿದ್ರಿ.”

“ನಿನ್ನೆ ನಿಮ್ಮ ಒಪ್ಪಿಗಿ ನಡೀತಿತ್ತು. ಈಗ ಅರ್ಜಿ ನ್ಯಾಯಾಲಯಕ್ಕ ಹೋಗೇತಿ. ಆದೇಶ ಬರೂತನಕ ನೀವು ಹೂಂ ಅಂದ್ರೂ ಅಷ್ಟ, ಒಲ್ಲೆ ಅಂದ್ರೂ ಅಷ್ಟ. ಈಗ ನಾ ಕತ್ತರಿ ಹಚ್ಚಿದ್ರ ಒಪ್ಪಿಗಿ ಇಲ್ಲದ ಮಾಡಿದಂಗ ಆಗತೈತಿ.”

ಮಾಳವ್ವ ಮೇಜಿನ ಮೇಲೆ ಎರಡೂ ಕೈ ಊರಿದಳು. “ಯವ್ವಾ, ನನ್ನ ಮಾತು ಕೇಳು. ಇವರು ಒಲ್ಲೆ ಅಂದಿದ್ದು ಒಲ್ಲೆ ಅಲ್ಲವಾ. ಇವರು ದನದ ದಲ್ಲಾಳಿ. ಮೊದಲ ಒಲ್ಲೆ ಅಂದು ಆಮ್ಯಾಲೆ ಹೂಂ ಅಂತಾರ. ನಿಮ್ಮ ಮಶೀನಿನ ಮುಂದ ಕುಂತು ಹೋರಿ ಹಲ್ಲು ಎಣಿಸ್ಯಾರ. ಜಲ್ಮ ಎಲ್ಲ ಮಾರಿ ಮುಚ್ಚಿಕೊಂಡ ಬದುಕ್ಯಾರ ಇವರು.”

ಹಿಂದಿನ ದಿನದ ಆ ಗೆರೆ ಏಕೆ ಹಾಗೆ ಮಲಗಿತ್ತು ಎಂಬುದು ಡಾಕ್ಟರಿಗೆ ಆಗ ತಿಳಿಯಿತು. ಪೂರ್ತಿ ತಿಳಿಯಿತು. ಈ ಕಥೆಯಲ್ಲಿ ಯಾರಿಗೂ ತಿಳಿವಳಿಕೆಯ ಕೊರತೆ ಇರಲಿಲ್ಲ ಎಂಬುದನ್ನು ಓದುವವರು ನೆನಪಿಡಬೇಕು.

ಅವರು ಒಳಗೆ ಹೋಗಿ ಮಾಪಕ ಕೇಂದ್ರಕ್ಕೆ ಕರೆ ಮಾಡಿದರು. ರಾಜ್ಯದ ಎಲ್ಲ ಯಂತ್ರಗಳ ಅಂಕವೂ ಬಂದು ಬೀಳುವ ಜಾಗ ಅದು. ಪರದೆಯ ಮೇಲೆ ಕಾಣಿಸಿಕೊಂಡ ಅಧಿಕಾರಿ ಬಹಳ ವಿನಯವಂತ. ಅವನ ಹಿಂದೆ ಗೋಡೆಯ ತುಂಬ ಹಸಿರು ಕೆಂಪು ದೀಪಗಳು ಮಿನುಗುತ್ತಿದ್ದವು. ಒಂದೊಂದು ದೀಪವೂ ಒಬ್ಬ ಮುದುಕ ಅಥವಾ ಮುದುಕಿ.

“ರೋಗಿ ಅಂಕಕ್ಕಿಂತ ಸಮರ್ಥ ಇದ್ದಾರೆ ಅಂತ ನಿಮಗನ್ನಿಸಿದರೆ ವೈದ್ಯರ ಭಿನ್ನಮತ ಅಂತ ಒಂದು ಕಾಲಂ ಇದೆ ಮೇಡಂ. ಅಲ್ಲಿ ನಾಲ್ಕು ಸಾಲು ಬರೆದು ಸಹಿ ಮಾಡಿ. ಅರ್ಜಿ ತಕ್ಷಣ ರದ್ದಾಗುತ್ತೆ.”

“ಅಷ್ಟೇನಾ?”

“ಅಷ್ಟೇ. ಆದರೆ ನಾಳೆ ರೋಗಿಗೆ ಏನಾದರೂ ಆಗಿ, ಮನೆಯವರು ಕೇಸು ಹಾಕಿದರೆ, ಹತ್ತೊಂಬತ್ತು ಬಂದವನ ಮೇಲೆ ಕತ್ತರಿ ಆಡಿಸಿದ್ದು ನೀವು. ಯಂತ್ರದ ಮಾತು ಕೇಳಿದ್ದರೆ ಯಂತ್ರದ ಜವಾಬ್ದಾರಿ. ಇಲ್ಲಿವರೆಗೆ ನಮ್ಮ ವಿಭಾಗದಲ್ಲಿ ಯಾರೂ ಬರೆದಿಲ್ಲ ಮೇಡಂ. ನೀವು ಬರೆಯೋದಾದರೆ ಬರೀರಿ, ಬೇಡ ಅನ್ನಲ್ಲ.”

ಡಾಕ್ಟರ್ ಸಿಂಚನಾ ಆ ಕಾಲಂ ತೆರೆದರು. ‘ರೋಗಿಯು ವೃತ್ತಿಯಿಂದ’ ಎಂದು ಬರೆದು ನಿಲ್ಲಿಸಿದರು. ಆಸ್ಪತ್ರೆಯ ಮಾಲೀಕರ ಮುಖ ಕಣ್ಣ ಮುಂದೆ ಬಂತು, ಇನ್ನೂ ಓದುತ್ತಿದ್ದ ಮಗ ಬಂದ, ಹೆಸರು ಪತ್ರಿಕೆಯಲ್ಲಿ ಬಂದಂತೆಯೂ ಕಂಡಿತು. ಅಂಗೈ ಬೆವರಿತು. ಕಳೆದುಕೊಳ್ಳುವುದರ ಭಯವೇ ವಿವೇಕ ಎನ್ನುವುದಾದರೆ ಆ ಹೊತ್ತಿನಲ್ಲಿ ಡಾಕ್ಟರಿಗೆ ನೂರಕ್ಕೆ ನೂರು ಬರುತ್ತಿತ್ತು. ಬರೆದದ್ದನ್ನು ಅಳಿಸಿ ಹೊರಗೆ ಬಂದರು.

“ಸ್ವಲ್ಪ ದಿನದ ಮಾತು ಅಜ್ಜಾರ. ಆದೇಶ ಬಂದ ದಿನಾನ ಮಾಡಿಬಿಡೂಣು. ಅಲ್ಲೀಮಟ ದಿನಾ ಬಂದು ಡ್ರೆಸ್ಸಿಂಗ್ ಮಾಡಿಸಿಕೊಂಡು ಹೋಗ್ರಿ.”

ದೀಪಾವಳಿ ಹತ್ತಿರವಾಗಿತ್ತು. ನ್ಯಾಯಾಲಯಕ್ಕೆ ರಜೆ. ಊರ ತುಂಬ ಕೊಬ್ಬರಿ ಹಾರ ಕಟ್ಟಿದ ಹೋರಿಗಳು ಓಡುತ್ತಿದ್ದವು, ಹುಡುಗರು ಕೇಕೆ ಹಾಕುತ್ತಿದ್ದರು. ಗುಡದಪ್ಪ ಕಿಟಕಿಯ ಪಕ್ಕ ಮಂಚದ ಮೇಲೆ ಕಾಲು ಎತ್ತರಕ್ಕಿಟ್ಟು ಮಲಗಿದ್ದ. ಎರಡು ಬೆರಳು ಐದಾದವು. ಕಪ್ಪು ಪಾದದ ಮೇಲೇರಿತು. ಕೋಣೆಯಲ್ಲಿ ಎಷ್ಟು ಊದುಬತ್ತಿ ಹಚ್ಚಿದರೂ ವಾಸನೆ ಅಡಗಲಿಲ್ಲ.

“ನಿಮ್ಮಪ್ಪ ಹೂಂ ಅಂದಾರ, ಆ ಅರ್ಜಿ ತಿರುಗಿ ತಗೋ” ಎಂದು ಮಾಳವ್ವ ಮಗಳ ಬೆನ್ನು ಹತ್ತಿದಳು.

ಸವಿತಾ ಒಬ್ಬ ವಕೀಲರ ಹತ್ತಿರ ಹೋಗಿ ಹಾಗೂ ಕೇಳಿ ನೋಡಿದಳು. ವಕೀಲರು ಆಗದೆಂದು ತಲೆಯಾಡಿಸಿದರು. ಅರ್ಜಿ ಹಿಂದಕ್ಕೆ ಪಡೆಯಬೇಕಾದರೆ ಹೊಸ ಅಂಕ ಬೇಕು, ಹೊಸ ಅಂಕಕ್ಕೆ ಆರು ತಿಂಗಳು ಕಾಯಬೇಕು. ಪ್ರಾಣಾಪಾಯ ಬಂದರೆ ಮಾತ್ರ ಯಾರ ಒಪ್ಪಿಗೆಯೂ ಇಲ್ಲದೆ ಕೊಯ್ಯಬಹುದು, ಆದರೆ ಜ್ವರ ಇನ್ನೂ ಅಷ್ಟು ಏರಿಲ್ಲ. “ಅದು ಏರೂತನಕ ಕಾಯೂದೇನ್ರಿ?” ಎಂದು ಸವಿತಾ ಕೇಳಿದಳು. ವಕೀಲರು ಕನ್ನಡಕ ಒರೆಸಿಕೊಂಡರು.

ಅವಳು ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ತಂದೆಯೆಂದರೆ ಅವಳಿಗೆ ಪ್ರಾಣ. ಆದರೆ ಒಂದು ವಿಚಾರ ಅವಳ ತಲೆಯಲ್ಲಿ ಮೆಲ್ಲಗೆ ಬೇರು ಬಿಡತೊಡಗಿತ್ತು. ಅಪ್ಪ ನಿಜಕ್ಕೂ ಬುದ್ಧಿವಂತನಾಗಿದ್ದರೆ ಕಾಲಿನ ವಿಷಯದಲ್ಲಿ ಚೌಕಾಸಿ ಮಾಡುತ್ತಿದ್ದನೇ? ಯಂತ್ರ ಪೂರ್ತಿ ಸುಳ್ಳು ಹೇಳಿರಲಾರದು. ಹಾಗೆಂದುಕೊಂಡರೆ ತಾನು ಮಾಡಿದ ಸಹಿ ಅಷ್ಟು ಚುಚ್ಚುತ್ತಿರಲಿಲ್ಲ. ಆಮೇಲಾಮೇಲೆ ಅವಳು ದಿನಕ್ಕೆರಡು ಸಲ ಹಾಗೆಂದುಕೊಂಡಳು.

ಹಬ್ಬ ಮುಗಿದು ವಿಚಾರಣೆ ಬಂತು. ಹಾಸಿಗೆಯ ಮುಂದೆ ಪರದೆ ಇಟ್ಟರು. ನ್ಯಾಯಾಧೀಶರು ಕಾಣಿಸಿದ ಕೂಡಲೇ ಗುಡದಪ್ಪ ಎರಡೂ ಕೈ ಜೋಡಿಸಿದ.

“ಸಾಹೇಬ್ರ, ನಾ ಹೂಂ ಅಂತೀನ್ರಿ. ಬೆರಳು ತಗೋರಿ ಅಂತ ಅವತ್ತ ಹೇಳೇನ್ರಿ. ಈಗ ಪಾದ ಬೇಕಂದ್ರ ಪಾದ ತಗೋರಿ. ಕೊಡಾಂವ ನಾ, ಕಾಲು ನಂದು. ಆ ಮಾತು ನನ್ನ ಬಾಯಿಂದ ಬರಲಿ ಅಂತ ಅಷ್ಟ.”

“ಹಿರಿಯರು ಆಯಾಸ ಮಾಡಿಕೊಳ್ಳಬೇಡಿ” ಎಂದರು ನ್ಯಾಯಾಧೀಶರು, ನಿಜವಾದ ಕನಿಕರದಿಂದ. ಪಕ್ಕಕ್ಕೆ ತಿರುಗಿ, “ಇದನ್ನು ದಾಖಲಿಸುವಂತಿಲ್ಲ” ಎಂದರು. ಹೀಗೆ ಸವಿತಾ ತನ್ನ ಹೆತ್ತ ತಂದೆಗೆ ರಕ್ಷಕಿಯಾದಳು.

ಅದೇ ದಿನ ಡಾಕ್ಟರ್ ಸಿಂಚನಾ ಪಟ್ಟಿ ಬಿಚ್ಚಿ ನೋಡಿದರು. ಆಮೇಲೆ ಸವಿತಾಳನ್ನು ಹೊರಗೆ ಕರೆದು, ತಮ್ಮ ಕೈಯನ್ನೇ ಕತ್ತಿಯ ಹಾಗೆ ಮಾಡಿ ಅವಳ ಮೊಣಕಾಲಿಗಿಂತ ಮೇಲೆ ಒಂದು ಗೆರೆ ತೋರಿಸಿದರು. ಸವಿತಾ ಸಹಿ ಮಾಡಿದಳು. ಗುಡದಪ್ಪನನ್ನು ಯಾರೂ ಕೇಳಲಿಲ್ಲ. ಕೇಳಬೇಕಾದ ಅಗತ್ಯ ಈಗ ಕಾನೂನಿನಲ್ಲಿ ಇರಲಿಲ್ಲ.

ಆಪರೇಷನ್ ಕೋಣೆಯ ಬಾಗಿಲಲ್ಲಿ ಗಾಲಿ ಮಂಚ ನಿಂತಿತ್ತು. ಡಾಕ್ಟರು ಬಂದು ಅವನ ಪಕ್ಕ ನಿಂತಾಗ ಗುಡದಪ್ಪ ಹೊದಿಕೆಯ ಕೆಳಗಿನಿಂದ ಕೈ ಚಾಚಿ ಅವರ ಕೈ ಹಿಡಿದ. ಹಿಡಿದು ಹೊದಿಕೆಯ ಒಳಗೆ ಎಳೆದುಕೊಂಡ. ಮೊದಲು ಅವರ ಎರಡು ಬೆರಳು ಒತ್ತಿದ. ಅವರ ಮುಖ ನೋಡಿದ. ಆಮೇಲೆ ಐದೂ ಬೆರಳನ್ನು ಒಟ್ಟಿಗೆ ಹಿಡಿದು ಒತ್ತಿದ. ಕಾದ. ಕೊನೆಗೆ ಮಣಿಕಟ್ಟನ್ನು ಹಿಡಿದು, ಅಲ್ಲೇ ಗಟ್ಟಿಯಾಗಿ ಒತ್ತಿ, ಬಿಡಲೇ ಇಲ್ಲ. ಪಾದದ ಗಂಟಿಗೆ ಸಾಕು, ಅದರಿಂದ ಮೇಲೆ ಬೇಡ ಎಂದು ಅವನು ಕೇಳುತ್ತಿದ್ದ. ಜೀವಮಾನದಲ್ಲಿ ಎಂದೂ ಅಷ್ಟು ಕೆಳಗೆ ಇಳಿದು ವ್ಯಾಪಾರ ಮಾಡಿದವನಲ್ಲ. ಅವನ ನಾಡಿ ಎಷ್ಟು ಜೋರಾಗಿ ಹೊಡೆಯುತ್ತಿತ್ತೆಂದರೆ ಡಾಕ್ಟರಿಗೂ ಅದು ತಿಳಿಯಿತು.

“ಹೆದರಬ್ಯಾಡ್ರಿ ಅಜ್ಜಾರ, ನಾ ಅದೇನಿ” ಎಂದು ಡಾಕ್ಟರು ಇನ್ನೊಂದು ಕೈಯಿಂದ ಅವನ ಕೈ ತಟ್ಟಿ ಬಿಡಿಸಿಕೊಂಡರು. ಒಳಗೆ ಹೋಗುವಾಗ ನರ್ಸಿಗೆ, “ಪಾಪ, ಎಷ್ಟು ನಂಬ್ಯಾರ ನೋಡು” ಎಂದರು.

ಗಾಯ ಮಾಯಿತು. ಆಪರೇಷನ್ ಬಹಳ ಚೆನ್ನಾಗಿ ಆಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಸವಿತಾ ತಂದೆಯನ್ನು ಅಂಗೈಯಲ್ಲಿಟ್ಟು ನೋಡಿಕೊಂಡಳು. ಎಷ್ಟು ಹೊತ್ತಿಗೆ ಏಳಬೇಕು, ಯಾವ ಅಂಗಿ ಹಾಕಬೇಕು, ಯಾರು ಬಂದು ಮಾತಾಡಿಸಬಹುದು, ಎಲ್ಲವನ್ನೂ ಅವಳೇ ನಿರ್ಧರಿಸಿದಳು. ಪೇಟೆಯ ಗೆಳೆಯರು ಬಂದರೆ ಅಪ್ಪನಿಗೆ ಆಯಾಸವಾಗುತ್ತದೆ ಎಂದು ಕೆಳಗಿನಿಂದಲೇ ಕಳಿಸಿದಳು. ಮೊಬೈಲು ಎತ್ತಿಟ್ಟಳು. ಮಾಳವ್ವ ಒಮ್ಮೆ ಜಗಳಕ್ಕೆ ನಿಂತಳು: “ಅವರನ್ನೊಂದು ಮಾತು ಕೇಳವಾ.” “ಕೇಳಿದ್ದಕ್ಕ ಕಾಲು ಹೋತಲ್ಲ ಯವ್ವಾ” ಎಂದಳು ಸವಿತಾ. ಆ ಮಾತು ತಿರುಗುಮುರುಗಾಗಿದೆ ಎಂಬುದು ಅವಳಿಗೆ ಹೊಳೆಯಲಿಲ್ಲ. ಅಥವಾ ಹೊಳೆಯಲು ಅವಳು ಬಿಡಲಿಲ್ಲ.

ಗುಡದಪ್ಪ ಮೊದಮೊದಲು ಕೂಗಾಡಿದ. ಆಮೇಲೆ ಗೊಣಗಿದ. ಆಮೇಲೆ ಅದನ್ನೂ ಬಿಟ್ಟ.

ಆರು ತಿಂಗಳ ಮೇಲೆ ಮರುಪರೀಕ್ಷೆಯ ದಿನ ಮತ್ತೆ ಹಣೆಗೆ ಪಟ್ಟಿ ಕಟ್ಟಿದರು. ಗೋಡೆಯ ಧ್ವನಿ ಇನ್ನೂ “ನೀವು” ಎನ್ನುವಷ್ಟರಲ್ಲೇ ಅವನ ಇಡೀ ಮೈ ನಡುಗಿತು. ಗೆರೆ ಪರದೆಯ ತುದಿ ಮುಟ್ಟಿತು. ಪ್ರತಿ ಪ್ರಶ್ನೆಗೂ ಬೆವರಿದ, ಪ್ರತಿ ಮಾತಿಗೂ ಕಣ್ಣು ಹಿಗ್ಗಿದವು. ಅಂಕ ಎಂಬತ್ತಾರು. ಗಾಜಿನ ಆಚೆ ಡಾಕ್ಟರ್ ಸಿಂಚನಾ ಕುರ್ಚಿಯಿಂದ ಎದ್ದುಬಿಟ್ಟರು. ಈ ಆರು ತಿಂಗಳು ಅವರಿಗೂ ಸರಿಯಾಗಿ ನಿದ್ದೆ ಬಂದಿರಲಿಲ್ಲ.

“ಅಜ್ಜಾರ, ನೀವು ಪಾಸು!” ಎನ್ನುತ್ತ ಹೊರಗೆ ಬಂದರು. “ಸವಿತಾ ಅವರ, ನೀವೊಂದು ಸಹಿ ಮಾಡಿದ್ರ ರಕ್ಷಕತ್ವ ಇವತ್ತ ಮುಗೀತೈತಿ. ಅವರ ತೀರ್ಮಾನ ಅವರಿಗೆ.”

ಸವಿತಾ ಪೆನ್ನು ತೆಗೆದುಕೊಂಡಳು, ತಂದೆಯನ್ನು ನೋಡಿದಳು, ಪೆನ್ನು ಕೆಳಗಿಟ್ಟಳು.

“ಈಗ ಚೊಲೊ ಅದಾರ್ರಿ ಡಾಕ್ಟರ್ರ. ವ್ಯಾಳ್ಯಾಕ್ಕ ಊಟ, ವ್ಯಾಳ್ಯಾಕ್ಕ ಗುಳಿಗಿ. ಒಂದು ಮಾತು ಎದುರಾಡೂದಿಲ್ಲ. ಮತ್ತ ಅವರ ಕೈಯಾಗ ಕೊಟ್ರ ಇನ್ನೊಂದು ಕಾಲೂ ಚೌಕಾಸಿ ಮಾಡಿ ಕಳಕೊಂತಾರ. ನಡೀತೈತಲ್ಲ, ನಡೀಲಿ ಬಿಡ್ರಿ.”

ಮಗಳ ಸಹಿ ಇಲ್ಲದಿದ್ದರೂ ಡಾಕ್ಟರು ತಾವೇ ಶಿಫಾರಸು ಬರೆಯಬಹುದಿತ್ತು. ಬರೆದರೆ ಮನೆಯವರ ವಿರೋಧ ಕಟ್ಟಿಕೊಂಡಂತೆ. ಅವರು ಗುಡದಪ್ಪನ ಕಡೆಗೆ ತಿರುಗಿದರು. “ಅಜ್ಜಾರ, ನೀವೇನಂತೀರಿ? ನಿಮ್ಮ ಅಧಿಕಾರ ನಿಮಗ ಬೇಕೇನು?”

ಅಷ್ಟರಲ್ಲಿ ಚಹಾದ ಹೆಂಗಸು ತಟ್ಟೆ ಹಿಡಿದು ಒಳಗೆ ಬಂದಳು. “ಅಜ್ಜಾ, ಚಾ ಕುಡೀತೀರೇನು?”

ಅವನು ಲೋಟದ ಕಡೆ ನೋಡಿದ. ಬೆಳಿಗ್ಗೆಯಿಂದ ಏನೂ ಕುಡಿದಿರಲಿಲ್ಲ, ಗಂಟಲು ಒಣಗಿತ್ತು. ಆಮೇಲೆ ತಿರುಗಿ ಮಗಳ ಮುಖ ನೋಡಿದ. ಅವಳು ಬರೀ ಕಣ್ಣಲ್ಲೇ ಬೇಡವೆಂದಳು.

“ಬ್ಯಾಡವಾ” ಎಂದ ಗುಡದಪ್ಪ. ಡಾಕ್ಟರಿಗೂ ಅದೇ ಉತ್ತರವೆಂಬಂತೆ ಕೈ ಮುಗಿದ.

ಮಾಳವ್ವ ಬಾಗಿಲಿಗೆ ಒರಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಡಾಕ್ಟರ್ ಸಿಂಚನಾ ‘ರೋಗಿಗೆ ರಕ್ಷಕತ್ವ ಸಮ್ಮತ’ ಎಂದು ಬರೆದು, ಕೈ ತೊಳೆದುಕೊಂಡು ಮುಂದಿನವರನ್ನು ಕರೆದರು.